ಬಲಗೈ ಪೂರಾ ಬಂತು

...ಹಂಗಲ್ಲ, ನೀ ಪೂರಾ ಕೇಳು. ಬಸ್ಸಿಗೆ ನನ್ನ ಯಾರೂ ಹತ್ತಿಸಿ ಕಳಿಸಿಲ್ಲ. ನಾನೇ ಹತ್ತಿ ಬಂದೀನಿ. ಹುಮನಾಬಾದ ಬಸ್ಸು ಗೊತ್ತದಲ್ಲ ನಿನಗ, ಕಾಲಿಡಾಕ ಜಾಗ ಇರೂದಿಲ್ಲ. ಈ ಬಲಗೈಲೆ, ಇದೇ ಕೈಲೆ, ಮ್ಯಾಲಿನ ಕಂಬಿ ಹಿಡ್ಕೊಂಡು ಕಲಬುರ್ಗಿಲಿಂದ ಕಮಲಾಪುರ ತನಕ ನಿಂತೇ ಬಂದೀನಿ. ಮಹಾಗಾಂವ ಕ್ರಾಸಿನ್ಯಾಗ ಒಬ್ಬಾಕಿ ಹೆಣ್ಣಮಗಳು ಎದ್ದು, 'ಕುಂದರ್ರಿ ಯಪ್ಪಾ' ಅಂದಳು. ನಾ ಕುಂದರಲಿಲ್ಲ. ಆಕಿನೂ ಕುಂದರಲಿಲ್ಲ. ಇಬ್ಬರ ನಡುವ ಮೂರನೇದಾಂವ ಒಬ್ಬ ಕುಂತ.

ಏಳಬ್ಯಾಡ, ಚಹಾ ಆತು. ನಿಮ್ಮಣ್ಣ ಧರ್ಮಣ್ಣ ತೋಟಕ್ಕ ಹೋಗೂ ಮುಂದ ಕೊಟ್ಟೇ ಹೋಗ್ಯಾನ. ಚಹಾ ಕೊಟ್ಟ, ಕೆಂಪು ಬಾಳೆಹಣ್ಣು ಕೊಟ್ಟ, ಮಾತು ಮಾತ್ರ ಕೊಡಲಿಲ್ಲ. ಇರಲಿ. ನೀ ಬ್ಯಾಳಿ ಹಸನ ಮಾಡು. ಮಾಡ್ಕೋತ ಕೇಳು. ನೀ ತವರಿಗೆ ಬಂದು ಎಂಟು ತಿಂಗಳಾತು. ಅಷ್ಟರಾಗ ಕಲಬುರ್ಗ್ಯಾಗ ನಿನ್ನ ಗಂಡನ ಕತಿ ಏನಾತು, ಹೆಡ್‌ಮಾಸ್ತರ ಅಣವೀರಪ್ಪ ಹ್ಯಾಂಗ ಬಿದ್ದ, ಹ್ಯಾಂಗ ಎದ್ದ, ಯಾರರ ಬರೋಬ್ಬರಿ ಹೇಳ್ಯಾರೇನು ನಿನಗ? ಲಕ್ವಾ ಹೊಡೀತು ಅಂತ ಹೇಳಿರ್ತಾರ. ಮಂದಿಗೆ ಬೀಳೂದಷ್ಟೇ ಸುದ್ದಿ.

ದೀಪಾವಳಿ ಸೂಟಿ ಮುಗಿದ ಮರುದಿನ. ಮುಂಜಾನಿ ಪ್ರಾರ್ಥನಾ ಆಗಿತ್ತು. ನಾಕ್ನೂರು ಹುಡುಗರು ಸಾಲಾಗಿ ನಿಂತಾವ. ನಾ ಶಿಸ್ತಿನ ಮ್ಯಾಲ ಮಾತಾಡಾಕತ್ತಿದ್ದೆ. ನಿನಗ ಗೊತ್ತದಲ್ಲ, ನಾ ಶಿಸ್ತಿನ ಮ್ಯಾಲ ಮಾತಾಡಾಕ ನಿಂತ್ರ ಬಿಸಲೂ ಬಂದು ಹೋಗ್ತದ. ದತ್ತಪ್ಪ ಮಾಸ್ತರ ತಡಾ ಮಾಡಿ ಬಂದ. ಅವನ ಕಡೆ ಬೆರಳು ತೋರಿಸಿ, 'ಶಿಸ್ತು' ಅನ್ನಾಕ ಹೋದೆ. 'ಶಿ...' ಬಂತು. ಮುಂದಿಂದು ಬರವಲ್ದು. ಮತ್ತೊಮ್ಮೆ ಅಂದೆ, 'ಶಿ... ಶಿ...' ನಾಕ್ನೂರು ಹುಡುಗರೂ ಒಕ್ಕೊರಲಲೆ 'ಶಿ ಶಿ' ಅಂದ್ವು. ಏನೋ ಹೊಸಾ ಪ್ರಾರ್ಥನಾ ಅಂತ ತಿಳ್ಕೊಂಡಾವ. ಹದಿನಾರು ವರ್ಷ ನಾ ಹೇಳಿದ್ದನ್ನ ತಿರುಗಿ ಹೇಳಾಕ ಕಲಿಸೀನಿ, ತಪ್ಪೇನು ಅವರದು? ಬೆರಳು ತೋರಿಸಿದ ಕೈ ತಾನೇ ಕೆಳಗ ಬಂತು. ಆಮ್ಯಾಲ ನಾನೂ ಕೆಳಗ ಬಂದೆ.

ನಗಬೇಕಂದ್ರ ನಗು. ಈಗ ನನಗೂ ನಗು ಬರ್ತದ.

ದವಾಖಾನ್ಯಾಗ ಹನ್ನೊಂದು ದಿವಸ ಮಾತಿಲ್ಲ. ಹೂಂ ಅಂಬೂದು ಒಂದೇ. ಹೌದಂದ್ರೂ ಹೂಂ, ಅಲ್ಲಂದ್ರೂ ಹೂಂ. ಸ್ಟಾಫ್ ಪೂರಾ ನೋಡಾಕ ಬಂತು. ಮೂಸಂಬಿ ತಂದ್ರು. ನನ್ನ ಮುಖ ನೋಡಿ ಮರುಗಿದ್ರು. ಆದ್ರ ಖರೇ ಹೇಳ್ತೀನಿ, ಆ ಮುಖಗಳ ಮ್ಯಾಲ ಎಂಥಾ ನೆಮ್ಮದಿ ಇತ್ತು ಅಂತಿ. ಹದಿನಾರು ವರ್ಷದಾಗ ನನ್ನ ಮುಂದ ಅವರು ಕಾಲ ಮ್ಯಾಲ ಕಾಲು ಹಾಕಿ ಕುಂತದ್ದು ಅವತ್ತೇ. ದತ್ತಪ್ಪ ನನ್ನ ಹಾಸಿಗಿ ಮ್ಯಾಲೇ ಕುಂತು, ಇನ್‌ಚಾರ್ಜ್ ಯಾರಿಗೆ ಕೊಡ್ತಾರ ಅಂತ ಮಾತು ತೆಗದ. ಸೀನಿಯಾರಿಟಿ ಲೆಕ್ಕ ನನ್ನ ಕಾಲತಾವ ನಡೀತು. 'ಸರ್‌ಗೆ ಕೇಳೂನೇನು?' ಅಂತ ಒಬ್ಬ ಅಂದ. 'ಏನ್ರಿ ಸರ್, ನಾನೇ ಆಗ್ಲೇನು?' ಅಂದ ದತ್ತಪ್ಪ. ನಾ ಬ್ಯಾಡ ಅನ್ನಾಕ ಜೀವ ಎಲ್ಲಾ ಒಂದು ಮಾಡಿ ಬಾಯಿ ತೆರೆದೆ. 'ಹೂಂ' ಅಂತ ಬಂತು. ಮರುದಿನ ಆಂವ ನನ್ನ ಖುರ್ಚಿಮ್ಯಾಲ ಕುಂತ.

ನಿನಗ ಹೇಳಿ ಕಳಸಲಿಲ್ಲ ನಾನು. ನಮ್ಮಕ್ಕ ಮಲ್ಕಮ್ಮ ಬಂದು ನನ್ನ ನೋಡ್ಕೊಂಡಳು. ಆಕಿ ಮೂರು ಸಲ ಹೇಳಿ ಕಳಿಸಿದ್ದಳಂತ, ಆಮ್ಯಾಲ ಗೊತ್ತಾತು. ನೀ ಬರಲಿಲ್ಲ. ಇರಲಿ, ನಾ ಏನೂ ಅನ್ನಾಕತ್ತಿಲ್ಲ. ಮಂದಿ ಕೇಳಿದ್ರ ಅಕ್ಕಾನೇ ಹೇಳ್ತಿದ್ದಳು, ಬೀಗತಿಗೆ ಮೊಣಕಾಲು ಹಿಡದಾವ, ಎದ್ದು ಅಡ್ಡಾಡಾಕ ಬರವಲ್ದು, ಮಗಳು ನೋಡ್ಕೊಳ್ಳಾಕ ಹೋಗ್ಯಾಳ ಅಂತ. ಮಾತು ಬಂದ ಮ್ಯಾಲ ನಾನೂ ಅದನ್ನೇ ಹೇಳ್ದೆ. ಅತ್ತಿ ಅವರು ಈಗಷ್ಟೇ ಎರಡು ಕೊಡಾ ನೀರು ಹೊತ್ಕೊಂಡು ನನ್ನ ಮುಂದ ಹಾದು ಹೋದ್ರು. ನನಗಿಂತ ಛಲೋ ನಡೀತಾರ. ಇರಲಿ, ದೇವರು ಅವರನ್ನ ಹಿಂಗೇ ಇಟ್ಟಿರಲಿ.

ಅಕ್ಕನ ಸುದ್ದಿ ಹೇಳ್ಬೇಕು ನಿನಗ. ಡಾಕ್ಟರ್ ಗುಳಿಗಿ ಕೊಟ್ಟು ಮನಿಗೆ ಕಳಿಸಿದ್ರು, ಕಸರತ್ತು ಮಾಡಸ್ರಿ ಅಂದ್ರು. ಅಕ್ಕಗ ಕಸರತ್ತಿನ ಮ್ಯಾಲ ವಿಶ್ವಾಸಿಲ್ಲ. ಯಾರೋ ಹೇಳ್ಯಾರ, ಲಕ್ವಾಕ್ಕ ಪಾರಿವಾಳದ ರಕ್ತ ತಿಕ್ಕಬೇಕು ಅಂತ. ನಾವು ಲಿಂಗ ಕಟ್ಟಿದ ಮಂದಿ. ತತ್ತಿ ಸೈತ ಮನಿಯೊಳಗ ಬಂದಿಲ್ಲ. ಆಕಿ ಮೂರು ದಿವಸ ವಿಚಾರ ಮಾಡಿ ಒಂದು ದಾರಿ ತೆಗದಳು. ಒಳಗ ತಗೊಂಡ್ರ ಪಾಪ, ಹೊರಗ ಹಚ್ಕೊಂಡ್ರ ಔಷಧ. ತಿಕ್ಕಿದ್ರು. ಮನಿ ತುಂಬ ವಾಸನಿ. ಕೈ ಹಂಗೇ ಬಿದ್ದಿತ್ತು, ಪಾರಿವಾಳ ಮಾತ್ರ ಹೋತು. ಮ್ಯಾಲ ಶರಣಬಸಪ್ಪಗ ಹರಕಿ ಹೊತ್ತಳು. ಸಾಲಿ ಜವಾನ ಹಮೀದ್ ಅದಾನಲ್ಲ, ಅವನ ತಾಯಿ ಮಸ್ತಾನಬಿ ರೋಜಾ ದರ್ಗಾಕ್ಕ ಹೋಗಿ ತಾಯತ ಮಂತ್ರಿಸಿ ತಂದು ರಟ್ಟಿಗೆ ಕಟ್ಟಿದಳು. ಪಾಪ, ಆಕಿ ಕಣ್ಣೀರು ಹಾಕಿ ಕಟ್ಟಿದಳು, ಅದನ್ನ ನಾ ನಗಬಾರದು. ಬೀದರ ಕಡಿಂದ ಒಬ್ಬ ಎಣ್ಣಿ ಹಾಕಾಂವ ಬಂದ. ಒಟ್ಟು ನನ್ನ ಬಲಗೈ ಸರ್ವಧರ್ಮ ಸಮ್ಮೇಳನ ಆಗಿತ್ತು. ಎಲ್ಲಾರೂ ಬಂದು ಭಾಷಣ ಮಾಡಿ ಹೋದ್ರು. ಅಧ್ಯಕ್ಷರು ಮಾತ್ರ ಅಲ್ಲಾಡಲಿಲ್ಲ.

ನಕ್ಕಿ ನೀ. ಇಲ್ಲ, ನಕ್ಕಿ, ನಾ ನೋಡೀನಿ. ಮೊರದಾಗ ಮುಖ ಹಾಕಿದ್ರೂ ಗೊತ್ತಾಗ್ತದ.

ಕಡೀಕ ಹಮೀದನೇ ನನ್ನ ಆಟೋದಾಗ ಹಾಕ್ಕೊಂಡು ಸೂಪರ್ ಮಾರ್ಕೆಟ್ ದಾಟಿ ಒಂದು ಕಸರತ್ತಿನ ದವಾಖಾನಿಗೆ ಒಯ್ದ. ಅಲ್ಲಿ ಯಾರು ಇರಬೇಕು ಹೇಳು? ಬಂಡೆಮ್ಮ. ನಿಮ್ಮೂರಾಕಿನೇ. ಬುದ್ಧ ವಿಹಾರದ ಹಿಂದಿನ ಓಣಿ ಮಾಣಿಕಪ್ಪನ ಮಗಳು. ಹಾಸ್ಟೆಲಿನ್ಯಾಗ ಇದ್ದು ನಮ್ಮ ಸಾಲ್ಯಾಗ ಓದ್ದಾಕಿ. ಒಂಬತ್ತನೇ ಕ್ಲಾಸಿನ್ಯಾಗ ನಾನೇ ಆಕಿಗೆ ಅಂದಿದ್ದೆ, 'ನಿನಗ ವಿಜ್ಞಾನ ಹತ್ತೂದಿಲ್ಲವ್ವ, ಹೊಲಿಗಿ ಕಲಿ.' ಎಲ್ಲಾರ ಮುಂದ ಅಂದಿದ್ದೆ. ಆಕಿ ಬಿಳಿ ಕೋಟು ಹಾಕ್ಕೊಂಡು ಬಂದು, 'ನಮಸ್ಕಾರ್ರಿ ಸರ್, ನಾ ನಿಮ್ಮ ಸ್ಟೂಡೆಂಟ್' ಅಂದಳು. ನಾ 'ಹೂಂ' ಅಂದೆ. ಆಗ ಮಾತು ಬರ್ತಿತ್ತು ನನಗ. ಆದ್ರೂ ಹೂಂ ಅಂದೆ.

ಆಕಿ ಹೇಳೂ ರೀತಿ ಛಲೋ ಅದ. ಅದೊಂದು ಒಪ್ಪಬೇಕು. 'ಸರ್, ನಿಮ್ಮ ಮಿದುಳಿನ್ಯಾಗ ಈ ಕೈ ನಡಸ್ತಿದ್ದ ಜಾಗ ಸತ್ತದ್ರಿ. ಸತ್ತದ್ದು ತಿರುಗಿ ಬರೂದಿಲ್ಲ. ಆದ್ರ ಅದರ ಬಾಜೂಕಿನ ಜಾಗಕ್ಕ ಆ ಕೆಲಸ ಕಲಿಸಬಹುದು' ಅಂದಳು. ನಾ ಕೇಳ್ದೆ, 'ಅಂದ್ರ ಗಣಿತದ ಮಾಸ್ತರ ವರ್ಗಾ ಆದ್ರ ಡ್ರಿಲ್ ಮಾಸ್ತರ ಬಂದು ಗಣಿತ ಹೇಳಿದಂಗೇನು?' ಆಕಿ, 'ಬರೋಬ್ಬರಿ ಹಂಗೇ ಸರ್' ಅಂದಳು. ನಮ್ಮ ಸಾಲ್ಯಾಗ ಮೂರು ವರ್ಷ ಡ್ರಿಲ್ ಮಾಸ್ತರ ಗಣಿತ ಹೇಳ್ಯಾನ. ರಿಸಲ್ಟ್ ನಿನಗ ಗೊತ್ತದ. 'ಪಾಸಾಗ್ತದೇನವ್ವ ನನ್ನ ಕೈ?' ಅಂದೆ. ಆಕಿ ಅಂದಳು, 'ಒಂದು ಸಲ ಮಾಡಿದ್ರ ಇಲ್ಲ ಸರ್. ಸಾವಿರ ಸಲ ಮಾಡಿದ್ರ ಆಗ್ತದ. ನೀವೇ ನನಗ ಋ ಅಕ್ಷರ ನೂರು ಸಲ ಬರಸೀರಲ್ಲ.' ಸಿಟ್ಟಿಲೆ ಅನ್ನಲಿಲ್ಲ ಆಕಿ. ನೆನಪಿಲೆ ಅಂದಳು. ಸಿಟ್ಟಿಲೆ ಅಂದಿದ್ರ ನನಗ ಹಗುರಾಗ್ತಿತ್ತು.

ಇನ್ನೊಂದು ಹೇಳಿದಳು. ಕೈಯಾಗ ಜರಾ ಜೀವ ಬಂದದ, ಆದ್ರ ನಾನೇ ಅದನ್ನ ಕರಿಯೂದು ಬಿಟ್ಟೀನಂತ. ಎಲ್ಲಾ ಕೆಲಸಾ ಎಡಗೈ ಮಾಡ್ತದ, ಬಲಗೈ ಸಾಹೇಬರಂಗ ತೊಡಿ ಮ್ಯಾಲ ಕುಂತದ. ಹಿಂಗೇ ಬಿಟ್ರ ಮಿದುಳು ಅದನ್ನ ಮರತೇ ಬಿಡ್ತದ ಅಂದಳು. ಉಪಾಯ ಏನಂದ್ರ, ದುಡಿಯೂ ಕೈ ಕಟ್ಟಿ ಹಾಕಬೇಕು. ಆಗ ಕುಂತ ಕೈ ಏಳ್ತದ. ಟವಲ್ ತಗೊಂಡು ನನ್ನ ಎಡಗೈ ನಡಕ್ಕ ಬಿಗಿದು ಕಟ್ಟಿದಳು. ದಿನಾ ಆರು ತಾಸು. ನನ್ನ ಕೈ ಕಟ್ಟಿ ನಿಂದರಿಸ್ಯಾಳ, ನಾ ಮೂಲ್ಯಾಗ ನಿಂದರಿಸಿದ ಹುಡುಗಿ. ಹಮೀದ್ ಬಾಗಲ ಕಡೆ ಮುಖ ಮಾಡಿ ನಿಂತಿದ್ದ. ಅವನ ಭುಜಾ ಅಲ್ಲಾಡಾಕತ್ತಿದ್ವು.

ಇಲ್ಲಿಂದ ಮುಂದ ನೀ ನಂಬೂದಿಲ್ಲ. ಆಕಿ ಕೇಳಿದಳು, 'ಸರ್, ಮನ್ಯಾಗ ಏನು ಕೆಲಸಾ ಮಾಡ್ತೀರಿ?' ನಾ ಅಂದೆ, 'ಪೇಪರ್ ಓದ್ತೀನಿ.' 'ಮತ್ತ?' 'ಇನ್ನೊಂದು ಪೇಪರ್ ಓದ್ತೀನಿ.' ಆಕಿ ಬರಕೊಂಡಳು. ಬರಕೊಂಡು ಅಂದಳು, ನಾಳಿಗಿಂದ ರೊಟ್ಟಿ ಬಡೀರಿ. ಲಕ್ವಾ ಆದ ಕೈ ಮುಷ್ಟಿ ಕಟ್ತದಂತ. ಬೆರಳು ಬಿಚ್ಚಿ, ಅಂಗೈ ಅಗಲ ಮಾಡೂ ಕೆಲಸಾ ಬೇಕಂತ. ಅದಕ್ಕ ರೊಟ್ಟಿಗಿಂತ ಛಲೋ ಮಷೀನು ಯಾವ ದವಾಖಾನ್ಯಾಗೂ ಇಲ್ಲಂತ.

ಐವತ್ಮೂರು ವರ್ಷದಾಗ ನಾ ಒಲಿ ಮುಂದ ಕುಂತಾಂವಲ್ಲ. ಬಿಸಿನೀರು ಕಾದದೋ ಇಲ್ಲೋ ಅಂತ ಹೊರಗಿಂದೇ ಕೇಳಾಂವ. ಅಕ್ಕ ಹಣಿ ಹಣಿ ಬಡ್ಕೊಂಡಳು. ನಾ ಪರಾತದ ಮುಂದ ಕುಂತೆ, ಎಡಗೈ ಕಟ್ಟಿಸ್ಕೊಂಡು. ಜ್ವಾಳದ ಹಿಟ್ಟಿಗೆ ಮರ್ಯಾದಿ ಇಲ್ಲ ನೋಡು, ಹೆಡ್‌ಮಾಸ್ತರ ಅಂದ್ರ ಅಂಜೂದಿಲ್ಲ. ಮೊದಲ ದಿನ ಅಂಗೈ ಬಿಚ್ಚವಲ್ದು. ಗುದ್ದಿದಂಗ ಆಗ್ತಿತ್ತು. ಎಂಟನೇ ದಿನಕ್ಕ ಒಂದು ರೊಟ್ಟಿ ಆತು. ಕರ್ನಾಟಕದ ನಕ್ಷಾ ಇದ್ದಂಗಿತ್ತು. ಎತ್ತಿ ಹಂಚಿಗೆ ಹಾಕೂದ್ರಾಗ ಬೀದರ ಜಿಲ್ಲಾ ಹರಿದು ಒಲ್ಯಾಗ ಬಿತ್ತು. ಅಕ್ಕ ಅದನ್ನೇ ಸುಟ್ಟು, ಮ್ಯಾಲ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ನಾನೇ ಬಡದ ರೊಟ್ಟಿ, ನಾನೇ ಇದೇ ಕೈಲೆ ಮುರಿದು ತಿಂದೆ. ಅಳಲಿಲ್ಲ. ಕಣ್ಣಾಗ ನೀರು ಬಂತು ಅಷ್ಟ. ಲಕ್ವಾ ಆದವರಿಗೆ ಕಾರಣ ಇಲ್ಲದೇ ನೀರು ಬರ್ತದಂತ, ಡಾಕ್ಟರೇ ಹೇಳ್ಯಾರ.

ಒಂದು ಮಾತು ಅನ್ನಸ್ತು ಅವತ್ತು. ಹೇಳಬೇಕಂತ ಬಸ್ಸಿನ್ಯಾಗ ಅಂದ್ಕೋತ ಬಂದೀನಿ. ಇಪ್ಪತ್ತೆಂಟು ವರ್ಷ ನೀ ದಿನಾ ಹದಿನೈದು ರೊಟ್ಟಿ ಬಡದಿ. ನಾ ಒಂದು ದಿನ ರೊಟ್ಟಿ ದಪ್ಪ ಆಗ್ಯಾವ ಅಂದೀನಿ, ಒಂದು ದಿನ ಕರಕ ಆಗ್ಯಾವ ಅಂದೀನಿ. ಛಲೋ ಆಗ್ಯಾವ ಅಂದದ್ದು ನೆನಪಿಲ್ಲ. ಛಲೋ ಆಗ್ತಿದ್ವು. ...ಹೂಂ. ಹೇಳ್ದೆ. ನೀ ಏನರ ಅನ್ನಬಹುದು ಇದಕ್ಕ. ಬ್ಯಾಡಂದ್ರ ಬ್ಯಾಡ.

ತಾ ಇಲ್ಲಿ ಮೊರ. ಕೊಡು, ಜರಾ ತೋರಸ್ತೀನಿ. ನೋಡು, ಹೆಬ್ಬಟ್ಟು, ತೋರಬೆರಳು... ಸಣ್ಣ ಹರಳು... ಬಂತು. ನೋಡಿದೇನು? ಬೆರಳ ತುದಿಲೆ ಒಂದು ಹರಳು ಹಿಡಿಯಾಕ ನಾಕು ತಿಂಗಳು ತಗೊಂಡೀನಿ ನಾ. ಇದನ್ನೂ ಆಕಿನೇ ಕಲಿಸ್ಯಾಳ. ಬ್ಯಾಳಿ ಹಸನ ಮಾಡ್ರಿ ಸರ್, ಗುಂಡಿ ಹಾಕ್ಕೋರಿ ಸರ್, ಅ ಬರೀರಿ ಸರ್. ಅ ಬರದೆ. ಪಾಟಿ ಮ್ಯಾಲ ಬರದೆ, ಒಂದನೇ ಕ್ಲಾಸಿನ ಕೂಸಿನಂಗ. ನನ್ನ ಅ ನೋಡಿ ಆಕಿ 'ಛಲೋ ಆಗ್ಯದ್ರಿ ಸರ್' ಅಂದಳು. ಛಲೋ ಆಗಿದ್ದಿಲ್ಲ. ಅದು ಅ ಅಲ್ಲ, ಹಗ್ಗ ಬಿದ್ದಂಗಿತ್ತು. ಆದ್ರೂ ಛಲೋ ಅಂದಳು. ಹದಿನಾರು ವರ್ಷದಾಗ ನಾ ಎಷ್ಟು ಹುಡುಗರಿಗೆ ಹಂಗಂದೀನಿ ಅಂತ ಲೆಕ್ಕ ಹಾಕಾಕ ಹೋದೆ. ಲೆಕ್ಕ ಲಗೂನೇ ಮುಗೀತು.

ಈಗ ಸಾಲಿಗೆ ಹೋಗಾಕತ್ತೀನಿ. ದತ್ತಪ್ಪ ಖುರ್ಚಿ ಬಿಟ್ಟು ಎದ್ದ, ಎದ್ದದ್ದು ಮನಸಿಲ್ಲದ ಮನಸಿಲೆ. ಬೆತ್ತ ಕಪಾಟಿನ್ಯಾಗ ಇಡಿಸೀನಿ. ಮಂದಿ ಅಂತಾರ, ಸರ್ ಮೆತ್ತಗಾಗ್ಯಾರ, ಮಿದುಳಿಗೆ ಪೆಟ್ಟು ಬಿದ್ದದಲ್ಲ. ನಮ್ಮಲ್ಲಿ ಮನುಷ್ಯ ಜರಾ ಛಲೋ ಆದ್ರ ಅದಕ್ಕೂ ಒಂದು ಬ್ಯಾನಿ ಹೆಸರು ಕೊಡ್ತಾರ.

ಹೋದ ಸೋಮವಾರ ಬಂಡೆಮ್ಮ ಕಡೀ ಪರೀಕ್ಷಾ ತಗೊಂಡಳು. ಒಂದು ಹಾಳಿ ಕೊಟ್ಟಳು. 'ಸರ್, ಲಕ್ವಾ ಆಗೂಕಿಂತ ಮೊದಲು ಈ ಕೈ ಏನೇನು ಮಾಡ್ತಿತ್ತು, ಎಲ್ಲಾ ಬರೀರಿ. ಯಾವ್ಯಾವು ತಿರುಗಿ ಬಂದಾವ ನೋಡೂಣು' ಅಂದಳು. ನಾ ಬರದೆ. ಉಣ್ಣೂದು. ಸಹಿ ಮಾಡೂದು. ಗಡ್ಡ ಮಾಡ್ಕೊಳ್ಳೂದು. ಪೂಜಾ ಮಾಡೂದು. ಸ್ಕೂಟರ್ ಹೊಡಿಯೂದು. ಬೋರ್ಡಿನ ಮ್ಯಾಲ ಬರಿಯೂದು. ಆಕಿ ಒಂದೊಂದೇ ಮಾಡಿಸಿ ನೋಡಿ ಗೆರಿ ಹೊಡದಳು. 'ಇನ್ನೇನರ ಉಳದದೇನ್ರಿ ಸರ್?' ಅಂತ ಕೇಳಿದಳು. 'ಇಲ್ಲವ್ವ, ಅಷ್ಟೇ' ಅಂದೆ. 'ಹಂಗಾರ ಪೂರಾ ಬಂತ್ರಿ ಸರ್ ನಿಮ್ಮ ಕೈ' ಅಂದಳು. ನನಗ ಆ ಮಾತು ಕೇಳಿ ಎಷ್ಟು ಖುಷಿ ಆತಂದ್ರ, ಮೊದಲು ನಿನಗ ತೋರಸಬೇಕು ಅನ್ನಸ್ತು. ಅದಕ್ಕೇ ಬಂದೀನಿ. ನಿನ್ನ ಕರ್ಕೊಂಡು ಹೋಗಾಕ. ಐದು ಗಂಟೆ ಬಸ್ಸಿಗೆ ಹೋಗೂಣು. ಮನ್ಯಾಗ ಅಕ್ಕಗ ಹೇಳಿ ಬಂದೀನಿ.

ಇಲ್ನೋಡು, ಜರಾ ಈ ಕಡೆ ತಿರುಗು. ಮೊದಲು ಎದಿ ತನಕ ಬರ್ತಿತ್ತು. ಆಮ್ಯಾಲ ಭುಜಾ ತನಕ. ಈಗ ನೋಡು, ಹಿಂಗ ಮ್ಯಾಲ...

ಏನಾತು?

ಬ್ಯಾಳಿ ಎಲ್ಲಾ ಚೆಲ್ಲಿದಿ. ಯಾಕ ಹಂಗ ಸರದಿ? ಏ... ನಾ ಕೈ ಎತ್ತಿ ತೋರಸಾಕತ್ತಿದ್ದೆ. ಅಷ್ಟೇ. ಎಷ್ಟು ಮ್ಯಾಲ ಹೋಗ್ತದಂತ... ಇಲ್ಲ. ಇಳಿಸೀನಿ. ನೋಡು, ಇಳಿಸೀನಿ.

ತೊಡಿ ಕೆಳಗ ಇಟ್ಕೊಂಡೀನಿ. ಅದರ ಮ್ಯಾಲೇ ಕುಂತೀನಿ. ಈಗ ಆರಾಮ ಕುಂದರು.

ನೀ ನನ್ನ ಮುಖ ನೋಡಲೇ ಇಲ್ಲಲ್ಲ. ಬಂದು ಕುಂತಾಗಿಂದ ಕೈ ಒಂದೇ ನೋಡಾಕತ್ತಿ. ನಾ ತಿಳ್ಕೊಂಡೆ... ನಾ ಏನು ತಿಳ್ಕೊಂಡೆ ಗೊತ್ತೇನು, ಬಿದ್ದ ಕೈ ಎದ್ದದ, ನೋಡಿ ನೋಡಿ ಸಮಾಧಾನ ಮಾಡ್ಕೊಳ್ಳಾಕತ್ತಾಳ ಅಂತ ತಿಳ್ಕೊಂಡೆ.

ಆ ಹಾಳ್ಯಾಗ ಒಂದು ಬರೀಲಿಲ್ಲ ನಾನು. ಆಕಿ ಕೇಳಿದಳು, ಇನ್ನೇನರ ಉಳದದೇನು ಅಂತ. ಮಾಸ್ತರ ಆದಾಂವ ಒಬ್ಬ ಹುಡುಗಿ ಮುಂದ ಹ್ಯಾಂಗ ಬರೀಬೇಕು, ಹೆಂಡ್ತಿಗೆ ಹೊಡಿಯೂದು ಅಂತ.

ಶ್ರಾವಣದಾಗ. ಮೂರು ಮಂದಿ ಮಾಸ್ತರರು ಊಟಕ್ಕ ಕುಂತಿದ್ರು. ನಾ ಯಾವುದೋ ಇಸವಿ ತಪ್ಪು ಹೇಳ್ದೆ. ನೀ ನೀಡಕೋತ ನಿಂತಾಕಿ ತಿದ್ದಿದಿ. ಬರೋಬ್ಬರಿನೇ ತಿದ್ದಿದಿ. ಆಮ್ಯಾಲ ನಾ ಪುಸ್ತಕ ತೆಗದು ನೋಡೀನಿ, ನೀ ಹೇಳಿದ್ದೇ ಖರೇ ಇತ್ತು. ಅದನ್ನೂ ಹೇಳಲಿಲ್ಲ ನಿನಗ. ಅದು ಮೊದಲನೇ ಸಲ ಆಗಿದ್ರ... ಮೊದಲನೇದಲ್ಲ. ಮಂದಿ ಮುಂದ ಮೊದಲನೇದು ಅಷ್ಟೇ. ಮರುದಿನ ನೀ ಕೈಚೀಲ ಹಿಡ್ಕೊಂಡು ಹೊಂಟಿ. ನಾ ನಿಮ್ಮವ್ವನ ಮೊಣಕಾಲಿನ ಕತಿ ಕಟ್ಟಿದೆ. ಅಕ್ಕನಲ್ಲ, ನಾನೇ ಕಟ್ಟಿ ಅಕ್ಕನ ಬಾಯಾಗ ಇಟ್ಟೆ.

ಲಕ್ವಾ ಹೊಡದ ದಿನ ನಿನಗ ಸುದ್ದಿ ಬಂದಾಗ... ಬ್ಯಾಡ. ಏನನ್ನಸ್ತು ಅಂತ ನಾ ಕೇಳೂದಿಲ್ಲ.

ಪೂರಾ ಬಂತು ಅಂದಳು ಆಕಿ. ನಾ ಹಿಗ್ಗಿದೆ. ಪೂರಾ ಅಂದ್ರ ಅದೂ ಬಂದದ ಅಂತ ನನಗ ಹೊಳೀಲೇ ಇಲ್ಲ. ನಿನಗ ಬಾಗಲಾಗ ನನ್ನ ನೋಡೂದ್ರಾಗೇ ಹೊಳೀತು.

ಇರು. ಆರಸಬ್ಯಾಡ, ಬ್ಯಾಳಿ ನಾ ಆರಸ್ತೀನಿ. ಎಡಗೈಲೆ ಆರಸ್ತೀನಿ. ಐದರ ಬಸ್ಸಿಗೆ ನಾ ಒಬ್ಬಾಂವ ಹೋಗ್ತೀನಿ, ನೀ ಅದನ್ನ ಮನಸಿಗೆ ಹಚ್ಕೋಬ್ಯಾಡ. ಅಕ್ಕಗ ಏನು ಹೇಳಬೇಕೋ... ಖರೇ ಹೇಳ್ತೀನಿ. ಒಂದು ಸಲ ಹೇಳಿ ನೋಡ್ತೀನಿ.

ಆ ಕಿವಿ... ಅವತ್ತು ರಕ್ತ ಬಂದಿತ್ತು. ಎಡಗಡಿಂದು. ಯಾರಿಗರ ತೋರಿಸಿದೇನು? ಒಂದು ತಾಸಾತು ನನ್ನ ಕೈದೇ ಪುರಾಣ ಹೇಳಾಕತ್ತೀನಿ, ಇದೊಂದು ಕೇಳಲಿಲ್ಲ ನಾನು. ಆರಾಮಾತೇನು ಅದು? ಕೇಳಸ್ತದೇನು ಅದರಾಗ?

ಯಮನಮ್ಮ.

ಯಮನಮ್ಮ, ನಾ ಕುಂತದ್ದು ಆ ಕಿವಿ ಕಡೀನೇ ಅಲ್ಲ? ...ಇಷ್ಟೊತ್ತು ಹೇಳಿದ್ದರಾಗ ನಿನಗ ಎಷ್ಟು ಕೇಳಸ್ತು?